ಸರದಿ ಆಟಗಳನ್ನು ಜೂಜಿನ ಸಾಲಿಗೆ ಸೇರಿಸಬೇಡಿ

ಸಂಪಾದಕರಿಗೆ,

ಮಕ್ಕಳ ಗೇಮಿಂಗ್ ಚಟದ ಬಗ್ಗೆ ಪತ್ರಿಕೆಗಳಲ್ಲಿ ಬರುವ ಲೇಖನಗಳಲ್ಲಿ ಒಂದು ಕೊರತೆ ಮತ್ತೆ ಮತ್ತೆ ಕಾಣುತ್ತದೆ. ರಮ್ಮಿ ಆ್ಯಪ್, ಕ್ರಿಕೆಟ್ ಬೆಟ್ಟಿಂಗ್, ಗುಂಡು ಹಾರಿಸುವ ಆಟ, ತಲೆ ಕೆರೆದುಕೊಂಡು ಯೋಚಿಸುವ ಆಟ ಎಲ್ಲಕ್ಕೂ ಒಂದೇ ಹಣೆಪಟ್ಟಿ. ಕಾನೂನು ಸಹ ಹೀಗೆ ಮಾಡಿಲ್ಲ. 2025ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್ ಮತ್ತು ಪಣವಿಲ್ಲದ ಆಟಗಳನ್ನು ಬೇರೆ ಇಟ್ಟಿದೆ. ಅಷ್ಟು ವಿಂಗಡಣೆಯನ್ನು ಪತ್ರಿಕೆಯೂ ಮಾಡಬಹುದು. ಸರದಿ ಪ್ರಕಾರ ನಡೆಯುವ ತಂತ್ರದ ಆಟಗಳ ಒಳಗೆ ಏನಿದೆ ಎಂಬುದು ಹೆತ್ತವರಿಗೂ ಮೇಷ್ಟ್ರಿಗೂ ತಿಳಿಯಲಿ ಎಂದು ಈ ಪತ್ರ. ಉದ್ದವಾದರೆ ಕತ್ತರಿಸಿ, ಆದರೆ ಲೆಕ್ಕಗಳನ್ನು ಉಳಿಸಿ.

ಮೂಲ ನಿಯಮ ಇಷ್ಟೇ: ಸರದಿ ಮುಗಿಯಿತೆಂದು ನೀವೇ ಒತ್ತುವವರೆಗೆ ಎದುರಾಳಿ ಅಲುಗಾಡುವುದಿಲ್ಲ. ಬೆರಳಿನ ಚುರುಕಿಗೆ ಬೆಲೆಯಿಲ್ಲ. ಸಿಡ್ ಮೈಯರ್ ಅವರ 1991ರ ಸಿವಿಲೈಸೇಶನ್, ಜೂಲಿಯನ್ ಗೊಲಪ್ ಅವರ 1994ರ ಎಕ್ಸ್-ಕಾಮ್, ಜಪಾನಿನ ಫೈರ್ ಎಂಬ್ಲಮ್ ಎಲ್ಲವೂ ಈ ಜಾತಿಯವೇ. ಒಂದು ನಡೆಗೆ ಐದು ಸೆಕೆಂಡ್ ತೆಗೆದುಕೊಳ್ಳಿ, ಅರ್ಧ ಗಂಟೆ ತೆಗೆದುಕೊಳ್ಳಿ, ಕೇಳುವವರಿಲ್ಲ. ಕಷ್ಟ ಇರುವುದೂ ಅಲ್ಲೇ. ಸಮಯ ಸಾಲಲಿಲ್ಲ, ಕೈ ತಪ್ಪಿತು ಎಂಬ ನೆಪಗಳು ನಡೆಯುವುದಿಲ್ಲ. ಸೋತರೆ ಯೋಚನೆಯಲ್ಲೇ ಎಲ್ಲೋ ತಪ್ಪಿದೆ.

ಉದಾಹರಣೆಗೆ ಬ್ಯಾಟಲ್ ಫಾರ್ ವೆಸ್ನಾತ್ ತೆಗೆದುಕೊಳ್ಳೋಣ. 2003ರಿಂದ ಬೆಳೆದು ಬಂದ, ಕಂಪ್ಯೂಟರಿನಲ್ಲಿ ಪೂರ್ತಿ ಉಚಿತವಾದ ಮುಕ್ತ ತಂತ್ರಾಂಶ ಅದು. ಆರು ಮೂಲೆಯ ಮನೆಗಳ ನಕ್ಷೆ. ದಿನಕ್ಕೆ ಆರು ಸರದಿ: ನಸುಕು, ಬೆಳಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿಯ ಮೊದಲ ಜಾವ, ಎರಡನೇ ಜಾವ. ಮನುಷ್ಯರ ಸೈನ್ಯಕ್ಕೆ ಹಗಲಿನ ಎರಡು ಸರದಿಯಲ್ಲಿ ಏಟಿನ ಬಲ ಶೇ 25 ಏರುತ್ತದೆ, ರಾತ್ರಿಯ ಎರಡರಲ್ಲಿ ಅಷ್ಟೇ ಇಳಿಯುತ್ತದೆ. ಓರ್ಕ್ ರಾಕ್ಷಸರಿಗೆ ಇದು ಉಲ್ಟಾ. 14 ಚಿನ್ನ ಕೊಟ್ಟು ಸೇರಿಸಿಕೊಳ್ಳುವ ಈಟಿಗಾರ ಒಂದು ದಾಳಿಯಲ್ಲಿ 7ರಂತೆ ಮೂರು ಏಟು ಹಾಕುತ್ತಾನೆ. ಹಗಲು ಅದು 9ರಂತೆ 27, ರಾತ್ರಿ 5ರಂತೆ 15. 12 ಚಿನ್ನದ ಗ್ರಂಟ್ ಎಂಬ ಓರ್ಕ್ ಯೋಧ ಎರಡು ಏಟು ಹಾಕುತ್ತಾನೆ. ರಾತ್ರಿ 11ರಂತೆ 22, ಹಗಲು 7ರಂತೆ 14. ಒಟ್ಟಿನಲ್ಲಿ ಅದೇ ಇಬ್ಬರು, ಅದೇ ಜಾಗ, ಆದರೆ ಹೊತ್ತು ನೋಡದೆ ಹೋದವನು ಸತ್ತ.

ಹೊಸಬರು ಎಡವುವುದು ಇಲ್ಲಿ. ಮೊದಲ ಸರದಿಯಲ್ಲಿ ಸೇರಿಸಿಕೊಂಡ ಸೈನಿಕ ಆ ಸರದಿ ನಡೆಯಲಾರ, ಎರಡನೆಯದಕ್ಕೆ ಹೆಜ್ಜೆ ಇಡುತ್ತಾನೆ. ಬಯಲಿನಲ್ಲಿ ಈಟಿಗಾರನ ನಡಿಗೆ ಸರದಿಗೆ 5 ಮನೆ. ಶತ್ರು 15 ಮನೆ ದೂರದಲ್ಲಿದ್ದು, ಆಟ ನಸುಕಿನಲ್ಲಿ ಶುರುವಾಗಿದ್ದರೆ, ಉತ್ಸಾಹದಿಂದ ತಕ್ಷಣ ಹೊರಟವನು 4ನೇ ಸರದಿಗೆ, ಅಂದರೆ ಸಂಜೆಗೆ ಸರಿಯಾಗಿ ಶತ್ರುವಿನ ಬಾಗಿಲಿಗೆ ಬರುತ್ತಾನೆ. ಮುಂದಿನ ಎರಡು ಸರದಿ ರಾತ್ರಿ, ಬಯಲು, ಎದುರಿಗೆ ಓರ್ಕ್‌ಗಳ ಹಿಂಡು. ಸರಿಯಾದ ಲೆಕ್ಕ ಕೊನೆಯಿಂದ ಹಿಂದಕ್ಕೆ: ಮುಂದಿನ ಹಗಲು 8 ಮತ್ತು 9ನೇ ಸರದಿ, ಮೂರು ಸರದಿಯ ದಾರಿ, ಆದ್ದರಿಂದ 6ಕ್ಕೆ ಹೊರಡಬೇಕು. ಅಲ್ಲಿಯವರೆಗೆ ಹತ್ತಿರದ ಹಳ್ಳಿಗಳನ್ನು ಹಿಡಿಯಬೇಕು. ಹಳ್ಳಿಯಿಂದ ಪ್ರತಿ ಸರದಿಗೂ ಚಿನ್ನ ಬರುತ್ತದೆ, ಅಲ್ಲಿ ನಿಂತ ಗಾಯಾಳುವಿಗೆ ಸರದಿಗೆ 8 ಅಂಶ ಜೀವ ಮರಳುತ್ತದೆ.

ನೆಲವೂ ಅಷ್ಟೇ ಮುಖ್ಯ. ಈಟಿಗಾರ ಹಳ್ಳಿಯಲ್ಲೋ ಕೋಟೆಯಲ್ಲೋ ನಿಂತರೆ ಅವನಿಗೆ ಏಟು ತಾಗುವ ಸಂಭವ ಶೇ 40, ಹುಲ್ಲುಬಯಲಿನಲ್ಲಿ 60, ನೀರಿನಲ್ಲಿ 80. ರಾತ್ರಿ ಗ್ರಂಟ್ ಎರಗಿದರೆ ಸರಾಸರಿ ನಷ್ಟ ಹಳ್ಳಿಯಲ್ಲಿ 8.8, ಬಯಲಿನಲ್ಲಿ 13.2, ನೀರಿನಲ್ಲಿ 17.6. ಈಟಿಗಾರನಿಗೆ ಇರುವ ಜೀವವೇ 36. ಆದ್ದರಿಂದ ಹೊಳೆ ಸಿಕ್ಕಾಗ ನಾವು ನೀರಿಗಿಳಿದು ಹೊಡೆಯುವುದಲ್ಲ. ದಂಡೆಯಿಂದ ಒಂದು ಮನೆ ಹಿಂದೆ ಸರಿದು, ಅವರು ನೀರಿಗಿಳಿಯಲೆಂದು ಕಾಯುವುದು. ಕಂಪ್ಯೂಟರ್ ಎದುರಾಳಿ ಬಹಳ ಸಲ ಇಳಿಯುತ್ತದೆ, ಪಾಪ.

ಗುಡಿಕಟ್ಟೆಯ ಮೇಲೆ ಹುಲಿ-ಕುರಿ ಆಡಿದವರಿಗೆ ಮುಂದಿನ ಪಾಠ ಹೊಸದಲ್ಲ: ಬಲವಾದದ್ದನ್ನು ಹೊಡೆದು ಕೊಲ್ಲುವುದಕ್ಕಿಂತ ಅದರ ದಾರಿ ಮುಚ್ಚುವುದು ಸುಲಭ. ವೆಸ್ನಾತ್‌ನಲ್ಲಿ ಶತ್ರುವಿನ ಪಕ್ಕದ ಮನೆಗೆ ಕಾಲಿಟ್ಟ ಕೂಡಲೇ ಸಾಮಾನ್ಯ ಯೋಧನ ಉಳಿದ ನಡಿಗೆ ಮುಗಿಯುತ್ತದೆ. ಹೀಗಾಗಿ ಇಬ್ಬರ ನಡುವೆ ಎರಡು ಮನೆ ಖಾಲಿ ಬಿಟ್ಟು ನಿಲ್ಲಿಸಿದರೂ ಸಾಲು ಮುರಿಯುವುದಿಲ್ಲ, ಒಂದೇ ಸರದಿಯಲ್ಲಿ ಅಂಥ ಯೋಧರು ಯಾರೂ ನುಸುಳಿ ಹಿಂದಿನ ಗಾಯಾಳುಗಳ ತನಕ ಹೋಗಲಾರರು. ಶೂನ್ಯ ಹಂತದ ರೈತರಂಥವರು ಮಾತ್ರ ಹೀಗೆ ಶತ್ರುವನ್ನು ತಡೆಯಲಾರರು. ಅವರನ್ನು ನಿಲ್ಲಿಸಿ ದಾರಿ ಮುಚ್ಚಿತೆಂದು ನಂಬಿದವರು ನಾಯಕನನ್ನೇ ಕಳೆದುಕೊಂಡಾರು. ಕೊನೆಯ ಏಟು ಯಾರು ಹಾಕಬೇಕೆಂಬುದೂ ಒಂದು ನಿರ್ಧಾರ. ಒಂದನೇ ಹಂತದ ಶತ್ರುವಿನ ಜತೆ ಬರೀ ಕಾದಾಡಿದರೆ 1 ಅನುಭವ ಅಂಶ, ಕೊಂದವನಿಗೆ 8. ಬಡ್ತಿಗೆ ಹತ್ತಿರವಿರುವವನಿಗೆ ಆ ಅವಕಾಶ ಕೊಟ್ಟರೆ ಬಡ್ತಿಯ ಜತೆ ಅವನ ಗಾಯವೆಲ್ಲ ಮಾಯುತ್ತದೆ. ಇನ್ನು ಸೇನೆ ಕಟ್ಟುವಾಗ 100 ಚಿನ್ನಕ್ಕೆ ಏಳು ಈಟಿಗಾರರು ಬರುತ್ತಾರೆಂದು ಏಳನ್ನೂ ಕೊಳ್ಳಬೇಡಿ. ಎದುರಿಗೆ ಅಸ್ಥಿಪಂಜರಗಳ ಪಡೆ ಬಂದರೆ ಈಟಿಯ ಏಟಿನಲ್ಲಿ ಶೇ 60 ಹೋಗಿಬಿಡುತ್ತದೆ. ಅಲ್ಲಿ ಬೇಕಾದದ್ದು ಗದೆ.

ಈ ಆಟಗಳ ಮೇಲೆ ಅತಿ ಹೆಚ್ಚು ಬೈಗುಳ ಬೀಳುವುದು ಶೇಕಡಾವಾರು ಸಂಭವದ ವಿಷಯಕ್ಕೆ. 2012ರಲ್ಲಿ ಹೊಸದಾಗಿ ಬಂದ ಎಕ್ಸ್‌ಕಾಮ್‌ನಲ್ಲಿ ಗುಂಡು ತಾಗುವ ಸಂಭವ ಶೇ 85 ಎಂದು ಪರದೆ ತೋರಿಸಿ, ಆಮೇಲೆ ಅದು ತಪ್ಪಿದರೆ 'ಮೋಸ' ಎಂಬ ಕೂಗು ಏಳುತ್ತದೆ. ಲೆಕ್ಕ ಮಾಡಿ ನೋಡಿ: ಶೇ 85ರ ಐದು ಗುಂಡು ಸಾಲಾಗಿ ತಾಗುವ ಸಂಭವ ಬರೀ ಶೇ 44. ಅಂದರೆ ಐದರಲ್ಲಿ ಒಂದಾದರೂ ತಪ್ಪುವುದೇ ಹೆಚ್ಚು ಸಹಜ. ಶೇ 70ರ ಮೂರೂ ತಪ್ಪುವುದು 37ರಲ್ಲಿ ಒಂದು ಸಲ. ದೊಡ್ಡ ಆಟದಲ್ಲಿ ಅದು ಬಂದೇ ಬರುತ್ತದೆ. ತಮಾಷೆಯೆಂದರೆ, ನಿಜವಾಗಿ ಸುಳ್ಳು ಹೇಳುವ ಆಟಗಳು ಸುಳ್ಳು ಹೇಳುವುದು ಆಡುವವರ ಪರವಾಗಿ. 2002ರಿಂದ ಫೈರ್ ಎಂಬ್ಲಮ್‌ನ ಹಲವು ಭಾಗಗಳು ಒಂದರ ಬದಲು ಎರಡು ಯಾದೃಚ್ಛಿಕ ಸಂಖ್ಯೆ ತೆಗೆದು ಸರಾಸರಿ ನೋಡುತ್ತವೆ. ಹೀಗಾಗಿ ಪರದೆಯ ಮೇಲಿನ 90 ಒಳಗೆ ಸುಮಾರು 98, ಪರದೆಯ 30 ಒಳಗೆ ಸುಮಾರು 18. ಎಕ್ಸ್‌ಕಾಮ್ 2 ಸಹ ಸುಲಭದ ಹಂತಗಳಲ್ಲಿ ಗುಂಡು ತಪ್ಪಿದ ಮೇಲೆ ಗುಟ್ಟಾಗಿ ಸಹಾಯ ಮಾಡುತ್ತದೆ. ನಮ್ಮ ಮನಸ್ಸಿಗೆ 90 ಎಂದರೆ ಖಚಿತ ಎಂದೇ ಅರ್ಥ. ಆಟ ಮಾಡುವವರು ಆ ಮನಸ್ಸಿಗೆ ತಲೆಬಾಗಿದ್ದಾರೆ, ಅಷ್ಟೇ. ಪಿಯುಸಿಯಲ್ಲಿ ಸಂಭವನೀಯತೆ ಕಲಿಸುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಹಾಗಾದರೆ ಗುಂಡು ತಪ್ಪುವ ಲೋಕದಲ್ಲಿ ಆಡುವುದು ಹೇಗೆ? ಎಕ್ಸ್‌ಕಾಮ್‌ನಲ್ಲಿ ಅರ್ಧ ಮರೆಯಲ್ಲಿ ನಿಂತರೆ ಶತ್ರುವಿನ ಗುಂಡು ತಾಗುವ ಶೇಕಡಾವಾರು ಸಂಭವದಲ್ಲಿ 20 ಕಳೆಯುತ್ತದೆ, ಪೂರ್ಣ ಮರೆಯಲ್ಲಿ 40. ಶತ್ರುವಿನ ಪಕ್ಕಕ್ಕೆ ಸುತ್ತಿ ಬಂದರೆ ಅವನ ಮರೆಯೇ ಲೆಕ್ಕಕ್ಕಿಲ್ಲ. ಪ್ರತಿ ಸೈನಿಕನಿಗೆ ಸರದಿಗೆ ಎರಡು ಕ್ರಿಯೆ. ಅನುಭವಿಗಳು ಮೊದಲು ತಪ್ಪದ ಕೆಲಸ ಮುಗಿಸುತ್ತಾರೆ: ಗ್ರೆನೇಡ್ ಎಸೆದು ಮರೆ ಒಡೆಯುವುದು, ಆಮೇಲೆ ಗುಂಡು. ಗುಂಡು ತಪ್ಪಿದರೂ ಬದುಕುವ ಜಾಗದಲ್ಲಿ ನಿಂತೇ ಗುರಿ ಇಡುತ್ತಾರೆ. ಸರದಿಯ ಕೊನೆಯ ಸೈನಿಕನನ್ನು ಎಂದೂ ಕತ್ತಲ ಕಡೆಗೆ ಓಡಿಸುವುದಿಲ್ಲ. ಅವನು ಹೊಸ ಶತ್ರುಗಳ ಗುಂಪನ್ನು ಎಬ್ಬಿಸಿಬಿಟ್ಟರೆ ಉತ್ತರ ಕೊಡಲು ಯಾರ ಕ್ರಿಯೆಯೂ ಉಳಿದಿರುವುದಿಲ್ಲ. ಸೇವ್ ಮಾಡಿ, ತಪ್ಪಿದರೆ ಲೋಡ್ ಮಾಡಿ ಅದೇ ಗುಂಡನ್ನು ಮತ್ತೆ ಹಾರಿಸುವ ಉಪಾಯ ಆ 2012ರ ಆಟದಲ್ಲಿ ನಡೆಯದು, ಮೊದಲಿನಂತೆಯೇ ಆಡಿದರೆ ಫಲವೂ ಅದೇ. ಅದೃಷ್ಟದ ಗೊಡವೆಯೇ ಬೇಡ ಎನ್ನುವವರಿಗೆ 2018ರ ಇನ್‌ಟು ದ ಬ್ರೀಚ್ ಇದೆ: 8×8 ಮನೆ, ಮೂರು ಯಂತ್ರ, ಶತ್ರು ಎಲ್ಲಿ ಹೊಡೆಯುತ್ತಾನೆಂಬುದನ್ನು ಮೊದಲೇ ತೋರಿಸುತ್ತದೆ. ಆದರೂ ಬೆವರಿಳಿಯುತ್ತದೆ.

ಕಷ್ಟದ ಹಂತ ಏರಿಸಿದರೆ ಕಂಪ್ಯೂಟರ್ ಜಾಣನಾಗುತ್ತದೆ ಎಂಬ ನಂಬಿಕೆ ಬಹುಪಾಲು ತಪ್ಪು. ಸಿವಿಲೈಸೇಶನ್ 6ರ ಎಂಟು ಹಂತಗಳಲ್ಲಿ ನಾಲ್ಕನೆಯ ಪ್ರಿನ್ಸ್ ಸಮಬಲದ್ದು. ಕೊನೆಯ ಡೀಟಿಯಲ್ಲಿ ಎದುರಾಳಿ ಊರು ಕಟ್ಟುವ ಮೂರು ಸೆಟ್ಲರ್‌ಗಳೊಂದಿಗೆ ಶುರು ಮಾಡುತ್ತದೆ, ನೀವು ಒಂದರೊಂದಿಗೆ. ಬುದ್ಧಿ ಅದೇ, ಬಂಡವಾಳ ಹೆಚ್ಚು. ಕಲಿಯುವವರು ಪ್ರಿನ್ಸ್‌ನಲ್ಲೇ ನಾಲ್ಕಾರು ಆಟ ಮುಗಿಸುವುದು ಒಳ್ಳೆಯದು.

ಈ ಆಟಗಳಲ್ಲಿ ಅಪಾಯವೇ ಇಲ್ಲವೆಂದು ವಾದಿಸುತ್ತಿಲ್ಲ. 'ಇನ್ನೊಂದೇ ಸರದಿ' ಎನ್ನುತ್ತ ರಾತ್ರಿ ಎರಡು ಗಂಟೆ ಆಗುವುದು ನಿಜ; ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಇದು ದುಬಾರಿ. ಕಾರಣ ಆಟದ ಕಟ್ಟಡದಲ್ಲೇ ಇದೆ. ಸಿವಿಲೈಸೇಶನ್‌ನಲ್ಲಿ ಎರಡು ಸರದಿಗೆ ಒಂದು ಕಣಜ ಮುಗಿಯುತ್ತದೆ, ಐದಕ್ಕೆ ಹೊಸ ವಿದ್ಯೆ, ಒಂಬತ್ತಕ್ಕೆ ಒಂದು ಮಹಾಕಟ್ಟಡ. ಎಲ್ಲವೂ ಒಟ್ಟಿಗೆ ಮುಗಿಯುವ ಸರದಿ ಎಂದಿಗೂ ಬರುವುದಿಲ್ಲ, ಆದ್ದರಿಂದ ಏಳಲು ತಕ್ಕ ಜಾಗವೂ ಬರುವುದಿಲ್ಲ. ಗಡಿಯಾರ ನೋಡಿ ಏಳುತ್ತೇನೆ ಎಂಬುದು ಸೋಲುತ್ತದೆ. ಕೂರುವ ಮೊದಲೇ ಸರದಿಯ ಸಂಖ್ಯೆ ಗೊತ್ತು ಮಾಡಿಕೊಳ್ಳಬೇಕು. ಏಳಲು ಬಿಡದಿರುವ ಇನ್ನೊಂದು ವಿಷಯ ಯೋಜನೆ ಮರೆತುಹೋದೀತೆಂಬ ಭಯ. ಅದಕ್ಕೆ ಮುಂದಿನ ಮೂರು ನಡೆಗಳನ್ನು ಚೀಟಿಯಲ್ಲಿ ಬರೆದಿಟ್ಟು ಮುಚ್ಚಿ. ಸಿವಿಲೈಸೇಶನ್ 6ರಲ್ಲಿ ನಕ್ಷೆಯ ಮೇಲೇ ಗುರುತಿನ ಪಿನ್ ಚುಚ್ಚಬಹುದು.

ಹೆತ್ತವರು ನೋಡಬೇಕಾದದ್ದು ಬೇರೆ. ಸರದಿ ಮುಗಿದ ಮೇಲೆ 'ಶಕ್ತಿ' ತುಂಬಲು ಕಾಯಿಸಿ, ಬೇಗ ಬೇಕೆಂದರೆ ದುಡ್ಡು ಕೇಳುವ, ಯೋಧರನ್ನು ಲಾಟರಿಯಂತೆ ಪೆಟ್ಟಿಗೆಯಿಂದ ಎತ್ತಿಸುವ ಮೊಬೈಲ್ ಆಟಗಳು ಹೊರನೋಟಕ್ಕೆ ಇದೇ ವೇಷದಲ್ಲಿರುತ್ತವೆ. ಏರೋಪ್ಲೇನ್ ಮೋಡ್ ಹಾಕಿ ಒಂದು ಗಂಟೆ ಆಡಿ ನೋಡಿ. ನಡೆಯದಿದ್ದರೆ, ಅಥವಾ ನಡುವೆ ಹಣದ ಕಿಟಕಿ ತೆರೆದರೆ ಅಳಿಸಿಬಿಡಿ. ಸಿವಿಲೈಸೇಶನ್ 5ರ ಮಾದರಿಯಲ್ಲಿ ಮುಕ್ತ ತಂತ್ರಾಂಶವಾಗಿ ಬಂದ ಅನ್‌ಸಿವ್ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ, ಸಾಧಾರಣ ಆಂಡ್ರಾಯ್ಡ್ ಫೋನಿನಲ್ಲೂ ಓಡುತ್ತದೆ.

ಕೊನೆಗೆ ಗದಗ, ಹಾವೇರಿ, ಧಾರವಾಡ ಜಿಲ್ಲೆಗಳ ಗ್ರಾಮ ಪಂಚಾಯಿತಿ ಅರಿವು ಕೇಂದ್ರಗಳ ಮೇಲ್ವಿಚಾರಕರಲ್ಲಿ ಒಂದು ಕೋರಿಕೆ. ಕೇಂದ್ರದಲ್ಲಿ ಕಂಪ್ಯೂಟರ್ ಇದ್ದರೆ ಚೆಸ್ ಬೋರ್ಡಿನ ಜತೆಗೆ ವೆಸ್ನಾತ್ ಅನ್ನೂ ಹಾಕಿಸಿ. ಪೆನ್‌ಡ್ರೈವ್‌ನಲ್ಲಿ ತಂದು ಹಾಕಬಹುದು, ಆಮೇಲೆ ಇಂಟರ್ನೆಟ್ ಬೇಡ. ಪ್ರತಿ ಸರದಿಗೂ ತಾನೇ ಸೇವ್ ಆಗುವುದರಿಂದ ನಡುವೆ ಕರೆಂಟ್ ಹೋದರೂ ಆಟ ಹಾಳಾಗದು. ಮಲ್ಟಿಪ್ಲೇಯರ್‌ನಲ್ಲಿ ಲೋಕಲ್ ಗೇಮ್ ಆರಿಸಿ, ಇಬ್ಬರಿಗೆಂದೇ ಮಾಡಿದ ದ ಫ್ರೀಲ್ಯಾಂಡ್ಸ್ ನಕ್ಷೆ ತೆಗೆದು, ಎರಡೂ ಕಡೆಗೆ ಲೋಕಲ್ ಪ್ಲೇಯರ್ ಎಂದಿಟ್ಟರೆ ಇಬ್ಬರು ಮಕ್ಕಳು ಒಂದೇ ಕಂಪ್ಯೂಟರಿನಲ್ಲಿ ಸರದಿಯಂತೆ ಆಡಬಹುದು. ಸರದಿಗೆ ಸಮಯದ ಮಿತಿ ಹಾಕುವ ಆಯ್ಕೆಯೂ ಅಲ್ಲೇ ಇದೆ. ಕಾಯುತ್ತಿರುವ ಮಕ್ಕಳು ಹೆಚ್ಚಿದ್ದರೆ ಅದನ್ನು ಬಳಸಿ, ಇಲ್ಲದಿದ್ದರೆ ಮುಟ್ಟಬೇಡಿ.

ಇತಿ,
ಓದುಗ
ಧಾರವಾಡ