ಪುಟ್ಟಿಗೆ, ಬೆನ್ ಜೋಮಾನ ವಿಷಯವಾಗಿ

ಚಿರಂಜೀವಿ ಪುಟ್ಟಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಮನೆಯ ಸಮಾಚಾರವನ್ನೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಮತ್ತೆ ಬರೆಯುವುದಿಲ್ಲ. ಜೆರುಸಲೇಮಿನ ಚಳಿ, ಗ್ರಂಥಾಲಯ, ಪ್ರಬಂಧದ ಎರಡನೆಯ ಅಧ್ಯಾಯ, ಎಲ್ಲವನ್ನೂ ಸಂತೋಷದಿಂದ ಓದಿದೆ. ಆದರೆ ಕಬ್ಬಾಲಾ ಎಂಬ ಯೆಹೂದಿ ಅನುಭಾವ ಮಾರ್ಗದ ಹದಿಮೂರನೆಯ ಶತಮಾನದ ಸಾಧಕ ಅಬುಲಾಫಿಯಾನ ಹಸ್ತಪ್ರತಿಗಳ ಮಾತಿನ ನಡುವೆ ಒಂದು ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀಯೆ. ಕಣ್ಣು ಮುಚ್ಚಿದರೂ ಅಕ್ಷರಗಳು ಓಡಾಡುತ್ತವೆ, ನಿದ್ದೆ ಬರುವುದಿಲ್ಲ, ನಾನೂ ಬೆನ್ ಜೋಮಾನ ಹಾಗೆ ಆಗಿಬಿಡುತ್ತೇನೋ ಏನೋ ಎಂದು. ಮರುಸಾಲಿನಲ್ಲೇ ಮೈಕ್ರೋಫಿಲ್ಮಿನ ವಿಷಯ. ನನಗೆ ಮಾತ್ರ ಆ ಸಾಲನ್ನು ದಾಟಲು ಆಗಲಿಲ್ಲ. ಪತ್ರವನ್ನು ನಿನ್ನ ಅಪ್ಪನಿಗೆ ತೋರಿಸಿಲ್ಲ.

ನಿನಗೆ ಗೊತ್ತಿರುವ ಕಥೆಯನ್ನೇ ಹೇಳುತ್ತಿದ್ದೇನೆ, ಬೇಸರಪಡಬೇಡ. ನಾಲ್ವರು ದೈವರಹಸ್ಯದ ಆ ತೋಟದೊಳಗೆ ಹೋದರು ಎನ್ನುತ್ತದೆ ಯೆಹೂದಿ ಗುರುಗಳಾದ ರಬ್ಬಿಗಳ ಮಾತುಗಳ ಸಂಗ್ರಹ ತಾಲ್ಮುದ್. ಬೆನ್ ಅಜ್ಜಾಯಿ ನೋಡಿ ಸತ್ತ. ಬೆನ್ ಜೋಮಾ ನೋಡಿ ಬುದ್ಧಿ ಕಳೆದುಕೊಂಡ. ಎಲಿಷಾ ಬೆನ್ ಅಬೂಯಾ ಗಿಡಗಳನ್ನು ಕಡಿದ, ಎಂದರೆ ಧರ್ಮವನ್ನೇ ಬಿಟ್ಟ. ರಬ್ಬಿ ಅಕಿವಾ ಒಬ್ಬನೇ ನೆಮ್ಮದಿಯಿಂದ ಹೊರಗೆ ಬಂದ. ಎಲ್ಲರೂ ಇಷ್ಟಕ್ಕೇ ನಿಲ್ಲಿಸುತ್ತಾರೆ. ನನ್ನನ್ನು ಕಾಡುವುದು ಅದರ ಮುಂದಿನ ಪುಟ. ರಬ್ಬಿ ಯೆಹೋಶುವಾ ದೇವಾಲಯದ ಬೆಟ್ಟದ ಮೆಟ್ಟಿಲ ಮೇಲೆ ನಿಂತಿದ್ದಾನೆ. ಬೆನ್ ಜೋಮಾ ಅವನನ್ನು ಕಂಡರೂ ಎದ್ದು ನಿಲ್ಲುವುದಿಲ್ಲ. "ಎಲ್ಲಿಂದ, ಎಲ್ಲಿಗೆ, ಬೆನ್ ಜೋಮಾ?" ಎಂದು ಕೇಳುತ್ತಾನೆ ಗುರು. ಸೃಷ್ಟಿಯಲ್ಲಿ ದೇವರು ಬೇರ್ಪಡಿಸಿದ ಮೇಲಿನ ನೀರಿಗೂ ಕೆಳಗಿನ ನೀರಿಗೂ ನಡುವೆ ಮೂರು ಬೆರಳಿನಷ್ಟೇ ಅಂತರ, ಅದನ್ನು ನೋಡುತ್ತಿದ್ದೆ ಎನ್ನುತ್ತಾನೆ ಅವನು. ಗುರು ಶಿಷ್ಯರ ಕಡೆ ತಿರುಗಿ "ಬೆನ್ ಜೋಮಾ ಇನ್ನೂ ಹೊರಗೇ ಇದ್ದಾನೆ" ಎನ್ನುತ್ತಾನೆ, ಬುದ್ಧಿ ಇನ್ನೂ ನೆಲೆಗೆ ಬಂದಿಲ್ಲ ಎಂಬರ್ಥದಲ್ಲಿ.

ಅಷ್ಟೇ. ಯಾರೂ ಹೋಗಿ ಅವನ ಕೈ ಹಿಡಿಯಲಿಲ್ಲ. ದೊಡ್ಡವರ ಮೇಲೆ ಹೀಗೆ ಬರೆಯಬಾರದೇನೋ, ಆದರೆ ಆ ಗುರುವಿನ ಮೇಲೆ ನನಗೆ ಇಂದಿಗೂ ಕೋಪವಿದೆ. ಕೇಳಬೇಕಾದ ಪ್ರಶ್ನೆಯನ್ನೇ ಕೇಳಿ, ಉತ್ತರ ಬಂದ ಮೇಲೆ ಮುಖ ತಿರುಗಿಸಿಬಿಟ್ಟನಲ್ಲ.

ಈ ಕೋಪಕ್ಕೆ ಬೇರೆ ಕಾರಣವಿದೆ. ನಾನು ಎಂ.ಎ. ಓದುವಾಗ ಹಾಸ್ಟೆಲ್ಲಿನಲ್ಲಿ ನನ್ನ ಎದುರು ಕೋಣೆಯಲ್ಲಿ ಒಬ್ಬ ಹುಡುಗನಿದ್ದ. ನನಗಿಂತ ಜಾಣ. ಯಾವುದೋ ಪುಸ್ತಕ ನೋಡಿಕೊಂಡು ಇಡೀ ರಾತ್ರಿ ಜಪ, ಪ್ರಾಣಾಯಾಮ. ಮೊದಲು ರಾತ್ರಿಯ ಊಟ ಬಿಟ್ಟ, ಆಮೇಲೆ ಮೆಸ್ಸಿಗೆ ಬರುವುದನ್ನೇ ಬಿಟ್ಟ. ಅವನು ಬೇರೆಯೇ ಲೋಕದಲ್ಲಿದ್ದಾನೆ ಎಂದು ನಾವೆಲ್ಲ ಗೌರವದಿಂದ ಮಾತನಾಡಿಕೊಂಡೆವು. ಒಂದು ದಿನ ಅವನ ತಂದೆ ಬಂದು, ಟ್ರಂಕು ಹೊತ್ತುಕೊಂಡು, ಅವನ ತೋಳು ಹಿಡಿದು ಕರೆದುಕೊಂಡು ಹೋದರು. ಹುಡುಗ ನಮ್ಮ ಯಾರ ಮುಖವನ್ನೂ ಗುರುತಿಸಲಿಲ್ಲ. ಒಂದು ದಿನವಾದರೂ ಬಾಗಿಲು ತಟ್ಟಿ, ಊಟಕ್ಕೆ ಬಾರಯ್ಯ ಎಂದು ಕರೆದಿದ್ದರೆ ಏನಾಗುತ್ತಿತ್ತೋ. ಈ ವಯಸ್ಸಿನಲ್ಲೂ ಅದು ಹೋಗುವುದಿಲ್ಲ. ನೀನು ಬರೆದ ಸಾಲು ಓದಿದಾಗ ಮೊದಲು ಕಂಡದ್ದು ಆ ಮುಚ್ಚಿದ ಬಾಗಿಲು.

ನಲವತ್ತು ತುಂಬುವವರೆಗೆ ಇದನ್ನೆಲ್ಲ ಓದಬಾರದು ಎಂದ ಹಿರಿಯರೇ ಸರಿಯಿರಬೇಕು ಎಂದೂ ಬರೆದಿದ್ದೀಯೆ. ಆ ನಿಯಮ ಹುಟ್ಟಿದ್ದು ಯಾರದೋ ಬುದ್ಧಿ ಕೆಟ್ಟೀತು ಎಂಬ ಭಯದಿಂದ ಮಾತ್ರವಲ್ಲ. ಸ್ಮಿರ್ನಾದ ಶಬ್ಬತಾಯಿ ತ್ಸ್ವಿಯನ್ನು ಮೆಸ್ಸಿಯ ಎಂದು ನಂಬಿ ಊರಿಗೆ ಊರೇ ಗಂಟುಮೂಟೆ ಕಟ್ಟಿತ್ತು, 1666ರಲ್ಲಿ ಅವನು ಸುಲ್ತಾನನ ಮುಂದೆ ಇಸ್ಲಾಮಿಗೆ ಮತಾಂತರವಾದ. ಆ ಗಾಯ ಮಾಯುವ ಮೊದಲೇ ಪೋಲೆಂಡಿನಲ್ಲಿ ಅವನ ದಾರಿ ಹಿಡಿದವರು ಮತ್ತೆ ಎದ್ದರು. 1756ರಲ್ಲಿ ಬ್ರೋಡಿಯಲ್ಲಿ ಸೇರಿದ ರಬ್ಬಿಗಳು ಕಬ್ಬಾಲಾದ ಮುಖ್ಯ ಗ್ರಂಥವಾದ ಜೋಹರ್‌ಗೆ ಮೂವತ್ತು, ಕಬ್ಬಾಲಾದ ದೊಡ್ಡ ಗುರು ಲೂರಿಯಾನ ಬರಹಗಳಿಗೆ ನಲವತ್ತು ಎಂದು ವಯಸ್ಸು ಕಟ್ಟಿದರು. ಆ ಲೂರಿಯಾ ಸಫೇದಿನಲ್ಲಿ 1572ರಲ್ಲಿ ತೀರಿಕೊಂಡಾಗ ಅವನಿಗೇ ನಲವತ್ತು ತುಂಬಿರಲಿಲ್ಲ! ಅದೇ ಸಫೇದಿನ ಕೊರ್ಡೊವೆರೋ ದಾಳಿಂಬೆಯ ತೋಟ ಎಂಬ ತನ್ನ ಮಹಾಗ್ರಂಥವನ್ನು ಮುಗಿಸಿದಾಗ ಹೆಚ್ಚುಕಡಿಮೆ ನಿನ್ನದೇ ವಯಸ್ಸು. ಆದ್ದರಿಂದ ವಯಸ್ಸಿಗೆ ಹೆದರಬೇಡ.

ಅವರಿಗೆ ಇದ್ದದ್ದು ಜೊತೆ. ಲೂರಿಯಾನ ಸುತ್ತ ಒಂದು ಗುಂಪಿತ್ತು, ಅವನು ತಾನಾಗಿ ಬರೆದದ್ದು ಅತಿ ಕಡಿಮೆ, ನಮಗೆ ಉಳಿದಿರುವುದು ಹೆಚ್ಚಾಗಿ ಅವನ ಶಿಷ್ಯ ಹೈಮ್ ವಿಟಾಲ್ ಬರೆದಿಟ್ಟದ್ದು. ಜೋಹರ್ ಅನ್ನೇ ನೋಡು. ಮೋಸೆಸ್ ದ ಲಿಯೋನ್ ಕಾಸ್ಟೀಲಿನಲ್ಲಿ ಕುಳಿತು ಒಬ್ಬನೇ ಬರೆದನೋ, ಹಲವರ ಕೈ ಸೇರಿತೋ, ವಿದ್ವಾಂಸರು ಚರ್ಚಿಸಲಿ. ಪುಸ್ತಕದೊಳಗೆ ಮಾತ್ರ ಗೆಳೆಯರು ಗಲಿಲಾಯದ ದಾರಿಗಳಲ್ಲಿ ನಡೆಯುತ್ತ, ಒಬ್ಬರ ಮಾತಿಗೆ ಇನ್ನೊಬ್ಬರು ಮಾತು ಸೇರಿಸುತ್ತ ಹೋಗುತ್ತಾರೆ. ನನಗೆ ಆ ಭಾಗ್ಯ ಸಿಗಲಿಲ್ಲ ಪುಟ್ಟಿ. ಕಾಲೇಜು ಲೈಬ್ರರಿಯಲ್ಲಿ ಕಬ್ಬಾಲಾ ವಿದ್ವಾಂಸ ಶೋಲೆಮ್‌ನ ಪುಸ್ತಕ ಸಿಕ್ಕಿತು, ಹುಚ್ಚು ಹಿಡಿದವನಂತೆ ಓದಿದೆ, ಆದರೆ ಮಾತನಾಡಲು ಊರಿನಲ್ಲಿ ಒಬ್ಬರೂ ಇರಲಿಲ್ಲ. ಹೀಬ್ರೂ ಕಲಿಯುವ ಆಸೆ ಆಸೆಯಾಗಿಯೇ ಉಳಿಯಿತು. ಕೊನೆಗೆ ಓದನ್ನೇ ನಿಲ್ಲಿಸಿದೆ. ನೀನು ಓದುತ್ತಿರುವುದು ಎರಡೆರಡು ಜನ ಎದುರುಬದುರು ಕುಳಿತು, ಗಟ್ಟಿಯಾಗಿ ಜಗಳವಾಡಿ ಓದುವ ಊರು. ಅಲ್ಲಿದ್ದೂ ನೀನು ಒಂಟಿಯಾಗಿ ರಾತ್ರಿ ಓದುತ್ತೀಯೆ ಎಂದರೆ ಹೊಟ್ಟೆ ಕಲಸುತ್ತದೆ. ಒಬ್ಬಳು ಜೊತೆಗಾತಿ ಸಿಕ್ಕಾಳೇ, ವಿಚಾರಿಸಿ ನೋಡು.

ಅಬುಲಾಫಿಯಾ ರಾತ್ರಿ ದೀಪಗಳನ್ನು ಹಚ್ಚಿಕೊಂಡು, ಏಕಾಂತದಲ್ಲಿ, ಅಕ್ಷರಗಳನ್ನು ಕೂಡಿಸು ಎನ್ನುತ್ತಾನೆ, ಗೊತ್ತು. 1280ರಲ್ಲಿ ಪೋಪನನ್ನೇ ಕಾಣಲು ರೋಮಿಗೆ ಹೊರಟ ಧೈರ್ಯವಂತ ಅವನು. ಆದರೆ ಅವನ ದಾರಿಯಲ್ಲಿ ನಡೆದ ಶಿಷ್ಯನೊಬ್ಬ ತನ್ನ ಅನುಭವ ಬರೆದಿಟ್ಟಿದ್ದಾನಲ್ಲ, ಅದನ್ನು ಇನ್ನೊಮ್ಮೆ ಓದು. ನಡುರಾತ್ರಿ ಕೈಯಲ್ಲಿ ಲೇಖನಿ, ಮಡಿಲಲ್ಲಿ ಹಾಳೆ, ಹಾಗೇ ತೂಕಡಿಸಿದ್ದಾನೆ. ಮೇಣದಬತ್ತಿ ಆರುತ್ತಿದೆ ಎಂದು ಸರಿಮಾಡಲು ಎದ್ದರೆ ಬೆಳಕು ಹಾಗೆಯೇ ಇದೆ, ಅದು ತನ್ನಿಂದಲೇ ಬರುತ್ತಿದೆ. ನಂಬಲಾಗದೆ ಮನೆಯೆಲ್ಲ ಓಡಾಡುತ್ತಾನೆ, ಮಂಚದ ಮೇಲೆ ಮುಸುಕು ಹಾಕಿ ಮಲಗುತ್ತಾನೆ, ಬೆಳಕು ಹೋಗುವುದಿಲ್ಲ. ಬೆಳಗಾದ ಕೂಡಲೇ ಬರೆದ ಹಾಳೆಗಳನ್ನು ತೆಗೆದುಕೊಂಡು ಗುರುವಿನ ಬಳಿಗೆ ಹೋಗಿ ಎಲ್ಲವನ್ನೂ ಹೇಳುತ್ತಾನೆ. ನೀನು ಯಾರ ಬಳಿಗೆ ಹೋಗಿ ಹೇಳಿದೆ? ನನಗೆ ಬರೆದೆ, ಅದೂ ಒಂದೇ ಸಾಲು, ಸಮುದ್ರದ ಆಚೆಯಿಂದ. ಮಾರ್ಗದರ್ಶಕರಿಗೆ ಹೇಳಲು ಸಂಕೋಚವಾದರೆ ವಿಶ್ವವಿದ್ಯಾಲಯದ ಡಾಕ್ಟರಿಗಾದರೂ ಹೇಳು. ನಿದ್ದೆ ಬರದಿರುವುದು ಡಾಕ್ಟರಿಗೆ ಹೇಳಬಹುದಾದ ಮಾತೇ, ಅದರಲ್ಲಿ ಅವಮಾನವಿಲ್ಲ. ಹಳೆಯ ಅನುಭಾವ ಗ್ರಂಥ ಸೆಫೆರ್ ಯೆಟ್ಸಿರಾ ಕೂಡ ಹೃದಯ ಓಡಿದರೆ ಇದ್ದ ಜಾಗಕ್ಕೆ ಮರಳು ಎನ್ನುತ್ತದೆ. ಸ್ವಲ್ಪ ದಿನ ಆ ಹಸ್ತಪ್ರತಿಯನ್ನು ಹಗಲಿನಲ್ಲಿ ಮಾತ್ರ ಓದಿದರಾಗದೇ? ನಿನ್ನ ಕೆಲಸದಲ್ಲಿ ನಾನು ಕೈ ಹಾಕುತ್ತಿದ್ದೇನೆ, ಕ್ಷಮಿಸು.

ಇನ್ನು ಬೆನ್ ಜೋಮಾ. ಅವನ ಹಾಗೆ ಆಗಿಬಿಡುತ್ತೇನೆ ಎಂದು ಹೆದರುತ್ತೀಯಲ್ಲ, ಅವನು ಆ ಒಂದು ಗಳಿಗೆ ಮಾತ್ರವೇ? ಜ್ಞಾನಿ ಯಾರು ಎಂದು ಕೇಳಿ, ಎಲ್ಲ ಮನುಷ್ಯರಿಂದಲೂ ಕಲಿಯುವವನು ಎಂದವನು ಅವನೇ. ಒಮ್ಮೆ ಅದೇ ದೇವಾಲಯದ ಬೆಟ್ಟದ ಮೆಟ್ಟಿಲ ಮೇಲೆ ಜನಸಂದಣಿ ಕಂಡು ಹೇಳಿದನಂತೆ: ಒಂದು ತುತ್ತು ರೊಟ್ಟಿಗಾಗಿ ಆದಾಮ ಎಷ್ಟು ದುಡಿದ, ಉತ್ತ, ಬಿತ್ತ, ಕೊಯ್ದ, ತೂರಿದ, ಬೀಸಿದ, ನಾದಿದ, ಸುಟ್ಟ, ನಾನು ಬೆಳಗ್ಗೆ ಏಳುವಾಗ ಎಲ್ಲವೂ ಸಿದ್ಧವಾಗಿರುತ್ತದೆ. ರೊಟ್ಟಿಯ ಹಿಂದಿನ ಕೈಗಳನ್ನು ಅಷ್ಟು ಚೆನ್ನಾಗಿ ಕಂಡವನು ಅವನು. ಅವನನ್ನು ಜನ ಬಿಟ್ಟುಕೊಡಲೂ ಇಲ್ಲ. ಪಸ್ಕ ಹಬ್ಬದ ರಾತ್ರಿ ಮನೆಮನೆಯಲ್ಲಿ ಓದುವ ಹಗ್ಗದಾದಲ್ಲಿ ಅವನ ವ್ಯಾಖ್ಯಾನ ಇಂದಿಗೂ ಅವನ ಹೆಸರಿನಲ್ಲೇ ಇದೆ. ಯಾರಾದರೂ ಹಬ್ಬದ ಊಟಕ್ಕೆ ಕರೆದರೆ ಪ್ರಬಂಧದ ನೆಪ ಹೇಳದೆ ಹೋಗು. ಶುಕ್ರವಾರ ಸಂಜೆ ಸಬ್ಬತ್ತಿನ ಊಟಕ್ಕೆ ಕರೆದರೂ ಹೋಗು.

ಭಾನುವಾರ ನಾನೇ ಫೋನು ಮಾಡುತ್ತೇನೆ. ಅದಕ್ಕೆ ಮೊದಲೇ ಈ ಪತ್ರಕ್ಕೆ ಉತ್ತರ ಬರೆ. ಅದರಲ್ಲಿ ಅಬುಲಾಫಿಯಾ ಬೇಡ, ಮೈಕ್ರೋಫಿಲ್ಮೂ ಬೇಡ. ರಾತ್ರಿ ಎಷ್ಟು ಹೊತ್ತಿಗೆ ಮಲಗಿದೆ, ಬೆಳಗ್ಗೆ ಏನು ತಿಂದೆ, ಯಾರ ಜೊತೆ ಮಾತನಾಡಿದೆ, ಅದನ್ನು ಬರೆ.

ನಿನ್ನ ಪ್ರೀತಿಯ
ದೊಡ್ಡಪ್ಪ