ಬುಧನ ಬಗ್ಗೆ ಬರೆಯುತ್ತಿರುವ ತಂಗಿಗೆ

ಪ್ರೀತಿಯ ತಂಗಿ,

ನಿನ್ನ ಲೇಖನ ಎರಡು ಸಲ ಓದಿದೆ. ಬುಧ ಅಂದರೆ ಬುದ್ಧಿ, ಮಾತು, ವ್ಯಾಪಾರ, ಲೆಕ್ಕ. ಬಣ್ಣ ಹಸಿರು, ರತ್ನ ಪಚ್ಚೆ, ಧಾನ್ಯ ಹೆಸರುಕಾಳು. ಎಲ್ಲ ಸರಿಯಾಗಿಯೇ ಇದೆ. ಆದರೆ ಇದಿಷ್ಟು ಪಂಚಾಂಗ ತಿರುವಿದರೂ ಸಿಗುತ್ತದೆ, ಅಲ್ವಾ?

ಅವನ ಹುಟ್ಟಿನ ಕತೆಯನ್ನು ನೀನು ಒಂದೇ ಸಾಲಲ್ಲಿ ಮುಗಿಸಿದ್ದೀಯ. ಅಲ್ಲಿ ನಿಲ್ಲು. ಬೃಹಸ್ಪತಿಯ ಹೆಂಡತಿ ತಾರೆಯನ್ನು ಚಂದ್ರ ಕರೆದೊಯ್ದ. ದೇವ ದಾನವರಿಗೆ ಯುದ್ಧವೇ ಆಯಿತು. ಬ್ರಹ್ಮ ಅವಳನ್ನು ಗಂಡನಿಗೆ ಒಪ್ಪಿಸಿದಾಗ ಅವಳು ಬಸುರಿ. ಚೆಂದದ ಮಗು ಹುಟ್ಟಿತು. ಗಂಡಸರಿಬ್ಬರೂ ‘ನನ್ನದು, ನನ್ನದು’ ಅಂದರು. ತಾರೆ ಬಾಯಿ ಬಿಡಲಿಲ್ಲ. ಆಗ ಆ ಕೂಸೇ ಸಿಟ್ಟಾಗಿ, ಯಾಕೆ ಸುಮ್ಮನಿದ್ದೀಯ ಎಂದು ತಾಯಿಯನ್ನು ಕೇಳಿತು ಅನ್ನುತ್ತದೆ ಭಾಗವತ. ಮಾತಿನ ಗ್ರಹ ಆಡಿದ ಮೊದಲ ಮಾತು ಅದು. ಕೊನೆಗೆ ಅವಳು ಬ್ರಹ್ಮನ ಹತ್ತಿರ ಮೆಲ್ಲಗೆ ಹೇಳಿದಳು: ಚಂದ್ರನದು.

ಈಗ ಗ್ರಹಮೈತ್ರಿ ನೋಡು, ಅಂದರೆ ಜ್ಯೋತಿಷ್ಯದಲ್ಲಿ ಯಾವ ಗ್ರಹಕ್ಕೆ ಯಾವುದು ಮಿತ್ರ, ಯಾವುದು ಶತ್ರು ಅನ್ನುವುದು. ಚಂದ್ರನಿಗೆ ಬುಧ ಮಿತ್ರ, ಬುಧನಿಗೆ ಚಂದ್ರ ಶತ್ರು. ಗುರುವಿಗೆ, ಅಂದರೆ ಅದೇ ಬೃಹಸ್ಪತಿಗೆ, ಬುಧ ಶತ್ರು. ಬುಧನಿಗೆ ಗುರು ಸಮ, ಮಿತ್ರನೂ ಅಲ್ಲ, ಶತ್ರುವೂ ಅಲ್ಲ. ಬುಧ ನೀಚನಾಗುವುದು, ಅಂದರೆ ಬಲ ಕುಂದುವುದು, ಮೀನ ರಾಶಿಯಲ್ಲಿ, ಅದು ಗುರುವಿನ ಮನೆ. ಉಚ್ಚನಾಗುವುದು, ಅಂದರೆ ಬಲ ಏರುವುದು, ಕನ್ಯೆಯಲ್ಲಿ, ತನ್ನದೇ ಮನೆಯಲ್ಲಿ. ನೀನು ಇದನ್ನೆಲ್ಲ ಕೋಷ್ಟಕ ಮಾಡಿ ಹಾಕಿದ್ದೀಯ. ನನಗೆ ಇದರಲ್ಲಿ ಒಂದು ಸಂಸಾರದ ನೋವು ಕಾಣುತ್ತದೆ. ಅಪ್ಪನಿಗೆ ಮಗನ ಮೇಲೆ ಪ್ರೀತಿ, ಮಗನಿಗೆ ಅಪ್ಪನನ್ನು ಕಂಡರಾಗದು. ಬೆಳೆಸಬೇಕಾದವನಿಗೆ ಮಗುವೇ ಬೇಡ. ತನ್ನ ಮನೆ ಬಿಟ್ಟರೆ ಅವನಿಗೆ ಎತ್ತರದ ಜಾಗ ಇನ್ನೊಂದಿಲ್ಲ. ಕೋಷ್ಟಕ ತೆಗೆದು ಇದನ್ನು ಬರೆ.

ಬುಧ ಶುಭಗ್ರಹಗಳ ಜೊತೆ ಶುಭ, ಪಾಪಗ್ರಹಗಳ ಜೊತೆ ಪಾಪಿ ಅನ್ನುವುದನ್ನೂ ಇಲ್ಲೇ ಸೇರಿಸು. ಶಾಸ್ತ್ರ ಅವನನ್ನು ನಪುಂಸಕ ಗ್ರಹ ಅನ್ನುತ್ತದೆ. ತಿಂಗಳು ಗಂಡಾಗಿ, ತಿಂಗಳು ಹೆಣ್ಣಾಗಿ ಬದುಕಿದ ಇಳಾ ಅವನ ಹೆಂಡತಿ. ಚಂದ್ರವಂಶದ ಪುರೂರವ ಅವರ ಮಗ.

ಪಾದರಸದ ವಿಷಯದಲ್ಲಿ ಮಾತ್ರ ಎಚ್ಚರ. ಆ ಲೋಹಕ್ಕೆ ಈ ಗ್ರಹದ ‘ಮರ್ಕ್ಯುರಿ’ ಎಂಬ ಹೆಸರಿಟ್ಟವರು ಪಶ್ಚಿಮದ ರಸವಾದಿಗಳು. ನಮ್ಮ ರಸಶಾಸ್ತ್ರದಲ್ಲಿ ಪಾದರಸ ಶಿವನ ತೇಜಸ್ಸು. ನೀನು ಎರಡನ್ನೂ ಕಲಸಿಬಿಟ್ಟಿದ್ದೀಯ. ಬ್ಯಾಬಿಲೋನಿನವರು ಇದೇ ಗ್ರಹವನ್ನು ಬರವಣಿಗೆಯ ದೇವರು ನಬುವಿಗೆ ಕೊಟ್ಟರು, ಗ್ರೀಕರು ದೇವದೂತ ಹರ್ಮಿಸ್‌ಗೆ. ಒಬ್ಬೊಬ್ಬರ ಮಾತನ್ನು ಅವರವರ ಹೆಸರಲ್ಲೇ ಹೇಳು. ವಕ್ರಗತಿಯ ಹೆಸರಲ್ಲಿ ಓದುಗರನ್ನು ಸುಮ್ನೆ ಹೆದರಿಸಬೇಡ. ವರ್ಷಕ್ಕೆ ಮೂರ್ನಾಲ್ಕು ಸಲ, ಸುಮಾರು 3 ವಾರ, ಭೂಮಿಯಿಂದ ನೋಡುವವರಿಗೆ ಅವನು ಹಿಂದೆ ನಡೆದಂತೆ ಕಾಣುತ್ತಾನೆ, ಅಷ್ಟೇ.

ಮುಗಿಸುವ ಮೊದಲು ಅವನನ್ನು ಒಮ್ಮೆ ಕಣ್ಣಾರೆ ನೋಡು. ಸೂರ್ಯನಿಂದ 28 ಡಿಗ್ರಿಗಿಂತ ಜಾಸ್ತಿ ದೂರ ಹೋಗುವವನಲ್ಲ. ಹಾಗಾಗಿ ನಡುರಾತ್ರಿ ಸಿಗುವುದಿಲ್ಲ. ನಾನು ನೋಡಿದ್ದು ನಲವತ್ತು ದಾಟಿದ ಮೇಲೆ, ಒಂದು ಸಂಜೆ, ತಾರಸಿಯ ಮೇಲಿಂದ. ಪಶ್ಚಿಮದಲ್ಲಿ, ತೆಂಗಿನ ಗರಿಗಳ ಪಕ್ಕದಲ್ಲಿ ಒಂದು ಚುಕ್ಕಿ. ಹೆಂಡತಿಯನ್ನು ಕರೆದು ತೋರಿಸುವಷ್ಟರಲ್ಲಿ ಗರಿಗಳ ಹಿಂದೆ ಇಳಿದುಬಿಟ್ಟಿತ್ತು.

ತಾರೆ ಸುಮ್ಮನೆ ನಿಂತ ಆ ಭಾಗ ಬರೆದ ತಕ್ಷಣ ಕಳಿಸು. ಉಳಿದದ್ದು ನಿಧಾನವಾಗಿ ಬರಲಿ.

ನಿನ್ನ ಅಣ್ಣ