ಕಳುಹಿಸುವ ಮೊದಲು ಹಿಂದಿರುಗುವ ದಾರಿ

ಶಿರಸಿ
ಆಷಾಢ ಮಾಸ

ಚಿರಂಜೀವಿ ಮಾಣಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಉಭಯಕುಶಲೋಪರಿ ಸಾಂಪ್ರತ.

ಮೊನ್ನೆ ನೀನು ಫೋನಿನಲ್ಲಿ ನಿನ್ನ ಹೊಸ ಕೆಲಸದ ವಿವರ ಹೇಳುತ್ತಿದ್ದಾಗ ಇಲ್ಲಿ ಮಳೆ ಜೋರಾಗಿ, ಅರ್ಧ ಮಾತು ಹೆಂಚಿನ ಸದ್ದಿನಲ್ಲಿಯೇ ಹೋಯಿತು. ನನಗೆ ತಿಳಿದ ಮಟ್ಟಿಗೆ ವಿಷಯ ಇಷ್ಟು: ನಿಮ್ಮ ಗ್ರಾಹಕರ ನಲವತ್ತರಷ್ಟು ಡೊಮೇನುಗಳನ್ನು ಅಮೆಜಾನ್‌ನ ಇಮೇಲ್ ಸೇವೆಯಾದ ಎಸ್‌ಇಎಸ್‌ನಲ್ಲಿ ಕಳುಹಿಸುವವರ ಗುರುತುಗಳಾಗಿ ನೋಂದಾಯಿಸಿ ವೆರಿಫೈ ಮಾಡಿಸಬೇಕು, ಅದನ್ನು ಕೈಯಿಂದ ಮಾಡದೆ ಕ್ಲೌಡ್‌ಫಾರ್ಮೇಶನ್ ಟೆಂಪ್ಲೇಟಿನ (ಬೇಕಾದದ್ದನ್ನೆಲ್ಲ ಬರೆದುಕೊಟ್ಟರೆ ಅಮೆಜಾನ್ ತಾನೇ ಕಟ್ಟಿಕೊಡುವ ಕಡತ) ಮೂಲಕ ಮಾಡಬೇಕು, ಬೌನ್ಸ್ (ತಲುಪದೆ ಹಿಂದಿರುಗಿದ ಪತ್ರ) ಮತ್ತು ದೂರುಗಳ ಸೂಚನೆಗಳನ್ನು "ಆಮೇಲೆ, ಎರಡನೆಯ ಹಂತದಲ್ಲಿ" ಸೇರಿಸಿದರೆ ಸಾಕೆಂದು ನಿನ್ನ ಮೇಲಿನವರು ಹೇಳಿದ್ದಾರೆ. ಈ ಕಡೆಯ ಮಾತನ್ನು ಕೇಳಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ಬೆಂಗಳೂರಿನಲ್ಲಿ ಇದ್ದಷ್ಟು ವರ್ಷ ನಾನು ಇದೇ ಕೆಲಸ ಮಾಡಿದವನು. ತೋಟಕ್ಕೆ ಹಿಂದಿರುಗಿದ ಮೇಲೂ ಇಲ್ಲಿಯ ಒಂದು ಸಹಕಾರಿ ಸಂಘದ ಸದಸ್ಯರಿಗೆ ಹೋಗುವ ಇಮೇಲುಗಳನ್ನು ನೋಡಿಕೊಳ್ಳುತ್ತಿದ್ದೇನೆ. ಆದ್ದರಿಂದ ನನ್ನ ಮಾತನ್ನು ಮೊದಲಿಗೇ ಹೇಳಿಬಿಡುತ್ತೇನೆ: ಗುರುತು ಹುಟ್ಟುವ ಗಳಿಗೆಯಲ್ಲಿಯೇ ಅದರ ಸೂಚನೆಯ ದಾರಿಯೂ ಹುಟ್ಟಬೇಕು, ಒಂದೇ ಟೆಂಪ್ಲೇಟಿನಲ್ಲಿ, ಒಂದೇ ಓಟದಲ್ಲಿ. ಎರಡನೆಯ ಹಂತವೆಂಬುದನ್ನು ನೀನು ಒಪ್ಪಿಕೊಳ್ಳಬೇಡ.

ಮೊದಲು ಗುರುತಿನ ವಿಚಾರ. ಒಂದೊಂದೇ ಇಮೇಲ್ ವಿಳಾಸವನ್ನು ವೆರಿಫೈ ಮಾಡಿಸುವ ದಾರಿಯೂ ಇದೆ. ಆದರೆ ಅಲ್ಲಿ ಆ ವಿಳಾಸಕ್ಕೆ ಒಂದು ಕೊಂಡಿ ಹೋಗುತ್ತದೆ, ಅದನ್ನು 24 ಗಂಟೆಯೊಳಗೆ ಯಾರಾದರೂ ಒತ್ತಬೇಕು, ಒತ್ತುವವರು ಮನುಷ್ಯರೇ ಆಗಿರುವುದರಿಂದ ಅದನ್ನು ಪೂರ್ತಿಯಾಗಿ ಯಂತ್ರಕ್ಕೆ ಒಪ್ಪಿಸಲಾಗುವುದಿಲ್ಲ. ಆದಕಾರಣ ಡೊಮೇನನ್ನೇ ವೆರಿಫೈ ಮಾಡಿಸು. ಈಸಿ ಡಿಕಿಮ್ ಎಂಬ, ಪತ್ರಗಳಿಗೆ ಡಿಜಿಟಲ್ ಸಹಿ ಹಾಕುವ ಕ್ರಮದಲ್ಲಿ ಸೇವೆಯು ಮೂರು ಸಿನೇಮ್ ರೆಕಾರ್ಡುಗಳನ್ನು (ಒಂದು ಹೆಸರನ್ನು ಇನ್ನೊಂದಕ್ಕೆ ತೋರಿಸುವ ಸಾಲುಗಳು) ಕೊಡುತ್ತದೆ. ಅವುಗಳನ್ನು ಡೊಮೇನಿನ ಡಿಎನ್‌ಎಸ್‌ನಲ್ಲಿ, ಎಂದರೆ ಅಂತರ್ಜಾಲದ ಹೆಸರುಗಳ ವಿಳಾಸಪುಸ್ತಕದಲ್ಲಿ, ಹಾಕಿದರೆ, ಆ ಡೊಮೇನಿನ ಒಡೆತನವೂ ಸಾಬೀತಾಗುತ್ತದೆ, ಹೋಗುವ ಪ್ರತಿಯೊಂದು ಪತ್ರಕ್ಕೂ ಸಹಿ ಬೀಳುವ ವ್ಯವಸ್ಥೆಯೂ ಆಗುತ್ತದೆ. ಹೀಗೆ ಡೊಮೇನು ಒಮ್ಮೆ ವೆರಿಫೈ ಆದರೆ ಅದರಡಿಯ ಯಾವುದೇ ವಿಳಾಸದಿಂದಲೂ, ಉಪಡೊಮೇನುಗಳಿಂದಲೂ ಕಳುಹಿಸಬಹುದು.

ತೊಡಕು ಇರುವುದು ಡಿಎನ್‌ಎಸ್ ಯಾರ ಕೈಯಲ್ಲಿದೆ ಎಂಬಲ್ಲಿ. ಡೊಮೇನು ನಿಮ್ಮದೇ ರೂಟ್ 53ರಲ್ಲಿ (ಅಮೆಜಾನ್‌ನ ಡಿಎನ್‌ಎಸ್ ಸೇವೆ) ಇದ್ದರೆ, ಗುರುತಿನಿಂದ ಹೊರಬರುವ ಆ ಮೂರು ಹೆಸರು ಮತ್ತು ಮೌಲ್ಯಗಳನ್ನು ಅದೇ ಟೆಂಪ್ಲೇಟಿನಲ್ಲಿ ರೆಕಾರ್ಡುಗಳಿಗೆ ದಾಟಿಸಬಹುದು, ಕೆಲಸ ಸರಾಗ. ಆದರೆ ನಿನ್ನ ನಲವತ್ತರಲ್ಲಿ ಹೆಚ್ಚಿನವು ಗ್ರಾಹಕರ ಹಿಡಿತದಲ್ಲಿ ಇರುತ್ತವೆ, ಅವರ ಡಿಎನ್‌ಎಸ್ ನೋಡಿಕೊಳ್ಳುವವರು ಎಲ್ಲೋ ಇರುತ್ತಾರೆ, ನೀನು ಕಳುಹಿಸಿದ ಮೂರು ಸಾಲುಗಳನ್ನು ಅವರು ಹಾಕುವುದಕ್ಕೆ ಎಷ್ಟು ದಿನ ಹಿಡಿಯುತ್ತದೆಂದು ಹೇಳಲಾಗುವುದಿಲ್ಲ. ಸೇವೆಯು ರೆಕಾರ್ಡುಗಳಿಗಾಗಿ 72 ಗಂಟೆಗಳವರೆಗೆ ಹುಡುಕುತ್ತದೆ, ಸಿಗದಿದ್ದರೆ ಪ್ರಯತ್ನ ವಿಫಲವಾಯಿತೆಂದು ಬರೆಯುತ್ತದೆ. ಲ್ಯಾಂಬ್ಡಾ ಎಂಬ, ಕರೆದಾಗ ಮಾತ್ರ ಓಡುವ ಅಮೆಜಾನ್ ಸೇವೆಯ ಕೋಡಾದರೋ ಒಂದು ಸಲಕ್ಕೆ 15 ನಿಮಿಷಕ್ಕಿಂತ ಹೆಚ್ಚು ಓಡುವುದಿಲ್ಲ. ಹಾಗಿರುವಾಗ ವೆರಿಫೈ ಆಗುವ ತನಕ ಲ್ಯಾಂಬ್ಡಾದಲ್ಲಿ ಕಾಯುತ್ತ ಕೂರುವ ಕೋಡು ಬರೆಯುವುದು ಕುಳಿತ ಕೊಂಬೆಯನ್ನೇ ಕಡಿದಂತೆ. ಗುರುತನ್ನು ಸೃಷ್ಟಿಸಿ, ರೆಕಾರ್ಡುಗಳನ್ನು ಹೊರಗೆ ಕೊಟ್ಟು, ಅಲ್ಲಿಗೆ ಸ್ಟ್ಯಾಕ್ (ಟೆಂಪ್ಲೇಟಿನಿಂದ ಕಟ್ಟಿದ ಇಡೀ ಗುಂಪು) ಮುಗಿಯಲಿ. ಸ್ಥಿತಿಯನ್ನು ಗಂಟೆಗೊಮ್ಮೆ ನೋಡಿ ಬದಲಾದರೆ ತಿಳಿಸುವ ಬೇರೆಯೊಂದು ಚಿಕ್ಕ ಕೆಲಸವನ್ನು ಪ್ರತ್ಯೇಕವಾಗಿ ಇಡು. ಅದನ್ನು ವೆರಿಫೈ ಆದ ಮೇಲೂ ನಿಲ್ಲಿಸಬೇಡ, ಏಕೆಂದರೆ ಯಾರೋ ಡಿಎನ್‌ಎಸ್ "ಸ್ವಚ್ಛ" ಮಾಡುವ ಉತ್ಸಾಹದಲ್ಲಿ ಆ ಮೂರು ರೆಕಾರ್ಡುಗಳನ್ನು ಅಳಿಸಿದರೆ, ಆಗಿದ್ದ ವೆರಿಫಿಕೇಶನ್ನೂ ಕೆಲವು ದಿನಗಳಲ್ಲಿ ಬಿದ್ದುಹೋಗುತ್ತದೆ. ಗುರುತು ಎಂಬುದು ರೀಜನ್‌ಗೆ ಸೀಮಿತವೆಂಬುದನ್ನೂ ನೆನಪಿಡು: ಮುಂಬೈಯಲ್ಲಿ ವೆರಿಫೈ ಆದದ್ದು ಸಿಂಗಪುರದಲ್ಲಿ ನಡೆಯುವುದಿಲ್ಲ.

ಇನ್ನು ಕಸ್ಟಮ್ ರಿಸೋರ್ಸ್ (ಟೆಂಪ್ಲೇಟಿಗೆ ತಾನಾಗಿ ಮಾಡಲು ಬಾರದ್ದನ್ನು ನಮ್ಮದೇ ಕೋಡಿನಿಂದ ಮಾಡಿಸುವ ಭಾಗ) ಬಗ್ಗೆ ಸ್ವಲ್ಪ ಹೆಚ್ಚೇ ಬರೆಯುತ್ತೇನೆ, ಏಕೆಂದರೆ ಅಲ್ಲಿ ನಾನು ಏಟು ತಿಂದಿದ್ದೇನೆ. ನಮ್ಮ ಕಾಲದಲ್ಲಿ ಎಸ್‌ಇಎಸ್ ಗುರುತಿಗೆ ಕ್ಲೌಡ್‌ಫಾರ್ಮೇಶನ್‌ನಲ್ಲಿ ನೇರವಾದ ರಿಸೋರ್ಸ್ ಇರಲಿಲ್ಲ. ಎಲ್ಲರೂ ಲ್ಯಾಂಬ್ಡಾ ಬರೆದು ಅದರ ಮೂಲಕ ಮಾಡಿಸುತ್ತಿದ್ದೆವು. ಈಗ ಇಮೇಲ್ ಐಡೆಂಟಿಟಿ ಎಂಬ ರಿಸೋರ್ಸ್ ಇದೆ, ಅದನ್ನೇ ಬಳಸು. ಆದರೆ ನಿಮ್ಮಲ್ಲಿ ಹಳೆಯ ಲ್ಯಾಂಬ್ಡಾ ಉಳಿದಿರುವ ಸಾಧ್ಯತೆ ಇದೆ, ಅದನ್ನು ಮುಟ್ಟುವ ಮೊದಲು ಇದನ್ನು ಓದು. ಕಸ್ಟಮ್ ರಿಸೋರ್ಸ್ ಪ್ರತಿ ಬಾರಿಯೂ ತನ್ನದೊಂದು ಭೌತಿಕ ಐಡಿಯನ್ನು (ತನ್ನನ್ನು ಗುರುತಿಸುವ ಹೆಸರನ್ನು) ಹಿಂದಿರುಗಿಸಬೇಕು. ನಾನು ಅದನ್ನು ಕೊಡದೆ ಬಿಟ್ಟಿದ್ದೆ. ಕೊಡದಿದ್ದರೆ ಉತ್ತರ ಕಳುಹಿಸುವ ಸಿದ್ಧ ಮಾಡ್ಯೂಲು ಲಾಗ್ ಸ್ಟ್ರೀಮಿನ (ಕೋಡಿನ ಓಟದ ದಾಖಲೆಯ) ಹೆಸರನ್ನೇ ಐಡಿಯಾಗಿ ಹಾಕುತ್ತದೆಂದು ನಾನು ಓದಿಕೊಂಡಿರಲಿಲ್ಲ. ಒಂದು ದಿನ ಟೆಂಪ್ಲೇಟಿನಲ್ಲಿ ಚಿಕ್ಕದೊಂದು ಬದಲಾವಣೆ ಮಾಡಿದೆ, ಲಾಗ್ ಸ್ಟ್ರೀಮ್ ಹೊಸದಾಗಿತ್ತು, ಐಡಿ ಬದಲಾಯಿತು. ಐಡಿ ಬದಲಾದರೆ ಹಳೆಯ ರಿಸೋರ್ಸಿನ ಜಾಗಕ್ಕೆ ಹೊಸದು ಬಂತೆಂದು ಕ್ಲೌಡ್‌ಫಾರ್ಮೇಶನ್ ತಿಳಿದುಕೊಂಡು, ಹಳೆಯದನ್ನು ಅಳಿಸುವ ಆಜ್ಞೆಯನ್ನು ನನ್ನದೇ ಲ್ಯಾಂಬ್ಡಾಕ್ಕೆ ಕಳುಹಿಸುತ್ತದೆ. ಹಳೆಯದರಲ್ಲಿಯೂ ಹೊಸದರಲ್ಲಿಯೂ ಇದ್ದದ್ದು ಒಂದೇ ಡೊಮೇನು. ನನ್ನ ಕೋಡು ವಿಧೇಯವಾಗಿ ನಡೆಯುತ್ತಿದ್ದ ಡೊಮೇನನ್ನು ಅಳಿಸಿ, ಯಶಸ್ವಿಯೆಂದು ಉತ್ತರ ಕೊಟ್ಟಿತು. ಸ್ಟ್ಯಾಕ್ ಹಸಿರಾಗಿತ್ತು, ಪತ್ರಗಳು ಮಾತ್ರ ಹೋಗುತ್ತಿರಲಿಲ್ಲ. ಐಡಿಯಾಗಿ ಡೊಮೇನಿನ ಹೆಸರನ್ನೇ ಕೊಡು, ಆ ಸಮಸ್ಯೆ ಹುಟ್ಟುವುದೇ ಇಲ್ಲ. ಕೋಡು ಎಲ್ಲಿ ಬಿದ್ದರೂ ವಿಫಲವೆಂಬ ಉತ್ತರವಾದರೂ ಹೋಗುವಂತೆ ನೋಡಿಕೋ. ಉತ್ತರವೇ ಹೋಗದಿದ್ದರೆ ಸ್ಟ್ಯಾಕ್ ಒಂದು ಗಂಟೆಯವರೆಗೆ ನೇತಾಡುತ್ತಿರುತ್ತದೆ.

ಈಗ ಸೂಚನೆಯ ವಿಷಯ. ನಿನ್ನ ಅಜ್ಜ ಹಳ್ಳಿಯ ಶಾಖಾ ಅಂಚೆ ಕಚೇರಿ ನೋಡಿಕೊಳ್ಳುತ್ತಿದ್ದರು ಎಂಬುದು ನಿನಗೆ ಗೊತ್ತು. ಹಿಂದಿರುಗಿ ಹೋಗುವ ಪ್ರತಿ ಕಾಗದದ ಮೇಲೂ ಅವರು ಕಾರಣ ಬರೆಯುತ್ತಿದ್ದರು: "ಬಾಗಿಲು ಹಾಕಿದೆ", "ಊರು ಬಿಟ್ಟಿದ್ದಾರೆ", "ಸ್ವೀಕರಿಸಲು ನಿರಾಕರಿಸಿದ್ದಾರೆ". ಚಿಕ್ಕವನಿದ್ದಾಗ ನನಗೆ ಇವೆಲ್ಲ ಒಂದೇ ಎನಿಸುತ್ತಿತ್ತು. ಬೌನ್ಸ್ ಸೂಚನೆಗಳನ್ನು ಓದತೊಡಗಿದ ಮೇಲೆ ಅಪ್ಪಯ್ಯನ ಅಕ್ಷರಗಳ ಬೆಲೆ ತಿಳಿಯಿತು. ಪರ್ಮನೆಂಟ್ ಬೌನ್ಸ್ ಎಂದರೆ ಊರು ಬಿಟ್ಟವರು. ಆ ವಿಳಾಸಕ್ಕೆ ಮತ್ತೆ ಕಳುಹಿಸಬಾರದು. ಟ್ರಾನ್ಸಿಯೆಂಟ್ ಎಂದರೆ ಬಾಗಿಲು ಹಾಕಿದವರು, ಪೆಟ್ಟಿಗೆ ತುಂಬಿರಬಹುದು, ಅವರನ್ನು ಪಟ್ಟಿಯಿಂದ ತೆಗೆಯುವುದು ಅವಸರ. ಕಂಪ್ಲೇಂಟ್ ಎಂದರೆ ಕಾಗದ ಕೈಗೆ ತಲುಪಿದ ಮೇಲೂ ಬೇಡವೆಂದವರು. ನಿನ್ನ ಕೋಡು ಈ ಮೂವರನ್ನು ಬೇರೆಬೇರೆಯಾಗಿ ನಡೆಸಿಕೊಳ್ಳಬೇಕು. ಬೌನ್ಸ್ ಎಂದರೆ ಅಳಿಸು ಎಂಬ ಒಂದೇ ಸಾಲಿನ ಕೋಡುಗಳನ್ನು ನಾನು ಬಹಳ ಕಂಡಿದ್ದೇನೆ.

ಸಂಘದ ಕಥೆಯನ್ನೂ ಹೇಳುತ್ತೇನೆ. ಅದರಲ್ಲಿ ತಪ್ಪು ನನ್ನದೇ. ನಮ್ಮ ಅಡಿಕೆ ಬೆಳೆಗಾರರಲ್ಲಿ ಅನೇಕರು ತಮ್ಮ ಇಮೇಲ್ ಎಂದು ಬರೆಸುವುದು ಬೆಂಗಳೂರಿನಲ್ಲಿರುವ ಮಗನ ಕಂಪನಿಯ ವಿಳಾಸವನ್ನು. ಮಗ ಕೆಲಸ ಬದಲಿಸುತ್ತಾನೆ, ವಿಳಾಸ ಸಾಯುತ್ತದೆ, ಸಂಘದ ಪುಸ್ತಕದಲ್ಲಿ ಅದು ಬದುಕಿಯೇ ಇರುತ್ತದೆ. ಒಂದು ವರ್ಷ ವಾರ್ಷಿಕ ಸಭೆಯ ನೋಟಿಸಿಗೆಂದು ಬೇರೊಂದು ಡೊಮೇನನ್ನು ತರಾತುರಿಯಲ್ಲಿ ಕೈಯಿಂದಲೇ ಸೇರಿಸಿದೆ, ಸೂಚನೆಯ ಟಾಪಿಕ್ (ಸೂಚನೆಗಳು ಬಂದು ಸೇರಿ ಮುಂದಕ್ಕೆ ಹಂಚಿಕೆಯಾಗುವ ಜಾಗ) ಆಮೇಲೆ ಮಾಡೋಣವೆಂದುಕೊಂಡೆ. ಟಾಪಿಕ್ ಇಲ್ಲದಿದ್ದಾಗ ಬೌನ್ಸ್ ಸುದ್ದಿಗಳು ಇಮೇಲಾಗಿಯೇ ಕಳುಹಿಸಿದ ವಿಳಾಸಕ್ಕೆ ಹಿಂದಿರುಗುತ್ತವೆ. ಆ ವಿಳಾಸದ ಪೆಟ್ಟಿಗೆಯನ್ನು ಯಾರೂ ತೆರೆಯುತ್ತಿರಲಿಲ್ಲ. ಬೌನ್ಸ್ ಪ್ರಮಾಣ ನೂರಕ್ಕೆ 5 ಮುಟ್ಟಿದರೆ ಖಾತೆ ಪರಿಶೀಲನೆಗೆ ಒಳಗಾಗುತ್ತದೆ, 10 ಮುಟ್ಟಿದರೆ ಕಳುಹಿಸುವುದನ್ನೇ ತಡೆಹಿಡಿಯಬಹುದು. ದೂರಿನ ಮಿತಿಗಳಂತೂ ಇನ್ನೂ ಬಿಗಿ, 0.1 ಮತ್ತು 0.5. ನೋಟಿಸುಗಳು ಅರ್ಧ ಹೋಗುವಷ್ಟರಲ್ಲಿ ನಮ್ಮ ಖಾತೆ ನಿಂತಿತು, ಉಳಿದವರಿಗೆ ಹಳೆಯ ಪದ್ಧತಿಯಂತೆ ಅಂಚೆಯಲ್ಲಿ ಕಳುಹಿಸಿದೆವು. ಕೊಳೆರೋಗ ಬಂದು ಅಡಿಕೆ ಉದುರಿದ ಮೇಲೆ ಬೋರ್ಡೋ ಮದ್ದು ಹೊಡೆಯುವುದೆಂದರೆ ಇದೇ. ನಿನ್ನ ಮೇಲಿನವರ "ಎರಡನೆಯ ಹಂತ" ಕೇಳಿದಾಗ ನನಗೆ ನೆನಪಾದದ್ದು ಆ ವಾರ.

ಹಾಗಾದರೆ ಒಂದೇ ಓಟದಲ್ಲಿ ಮಾಡುವುದು ಹೇಗೆಂದರೆ, ಟೆಂಪ್ಲೇಟಿನಲ್ಲಿ ಮೊದಲು ಎಸ್‌ಎನ್‌ಎಸ್ (ಅಮೆಜಾನ್‌ನ ಸೂಚನಾ ಸೇವೆ) ಟಾಪಿಕ್, ನಂತರ ಒಂದು ಕಾನ್ಫಿಗರೇಶನ್ ಸೆಟ್ (ಕಳುಹಿಸುವ ಪತ್ರಗಳಿಗೆ ಅನ್ವಯಿಸುವ ನಿಯಮಗಳ ಕಟ್ಟು), ಅದಕ್ಕೆ ಬೌನ್ಸ್ ಮತ್ತು ಕಂಪ್ಲೇಂಟ್ ಘಟನೆಗಳನ್ನು ಆ ಟಾಪಿಕ್‌ಗೆ ತಲುಪಿಸುವ ಈವೆಂಟ್ ಡೆಸ್ಟಿನೇಶನ್, ಕೊನೆಗೆ ಗುರುತು. ಗುರುತನ್ನು ಸೃಷ್ಟಿಸುವಾಗಲೇ ಆ ಸೆಟ್ಟನ್ನು ಅದರ ಡೀಫಾಲ್ಟ್ ಎಂದು ಕೊಟ್ಟುಬಿಡು. ಆಗ ಪತ್ರ ಕಳುಹಿಸುವ ಅಪ್ಲಿಕೇಶನ್ ಬರೆದವರು ಸೆಟ್ಟಿನ ಹೆಸರು ಹೇಳಲು ಮರೆತರೂ ಸೂಚನೆ ತಪ್ಪುವುದಿಲ್ಲ. ಟಾಪಿಕ್ ಗುರುತು ಇರುವ ರೀಜನ್‌ನಲ್ಲಿಯೇ ಇರಬೇಕು, ಅದಕ್ಕೆ ಬರೆಯುವ ಅನುಮತಿ ಎಸ್‌ಇಎಸ್‌ಗೆ ಇರಬೇಕು. ಟಾಪಿಕ್ಕನ್ನು ಎನ್‌ಕ್ರಿಪ್ಟ್ ಮಾಡಬೇಕೆಂದು ನಿಮ್ಮ ಭದ್ರತೆಯವರು ಹೇಳಿದರೆ, ಎಸ್‌ಎನ್‌ಎಸ್ ತಾನೇ ಕೊಡುವ ಡೀಫಾಲ್ಟ್ ಕೀಲಿ ಸಾಲದು. ಅದರ ಪಾಲಿಸಿಯನ್ನು ತಿದ್ದಲಾಗದ ಕಾರಣ ಎಸ್‌ಇಎಸ್‌ಗೆ ಅನುಮತಿ ಕೊಡುವ ದಾರಿಯೇ ಇರುವುದಿಲ್ಲ. ನಿಮ್ಮದೇ ಕೀಲಿ ಮಾಡಿ ಅದರಲ್ಲಿ ಅನುಮತಿ ಬರೆಯಬೇಕು. ಇಲ್ಲಿ ಎಡವಿದವರಿಗೆ ಸೂಚನೆಗಳು ಬರುವುದಿಲ್ಲ. ಬಾರದ ಸುದ್ದಿಯನ್ನು ಎಲ್ಲರೂ ಒಳ್ಳೆಯ ಸುದ್ದಿಯೆಂದೇ ತಿಳಿಯುತ್ತಾರೆ.

ಸೂಚನೆ ಓದುವ ಕೋಡಿನಲ್ಲಿ ಎರಡು ಮೂರು ಗುಂಡಿಗಳಿವೆ. ಟಾಪಿಕ್‌ನಿಂದ ಬರುವ ಜೇಸನ್ (ಮಾಹಿತಿಯನ್ನು ಬರೆಯುವ ಒಂದು ಪಠ್ಯರೂಪ) ಒಳಗೆ ಎಸ್‌ಇಎಸ್‌ನ ಜೇಸನ್ ಒಂದು ಸ್ಟ್ರಿಂಗ್ ಆಗಿ ಕುಳಿತಿರುತ್ತದೆ, ಎರಡು ಬಾರಿ ಬಿಡಿಸಬೇಕು. ಗುರುತಿಗೇ ನೇರವಾಗಿ ಟಾಪಿಕ್ ಕಟ್ಟಿದ್ದರೆ ವಿಷಯದ ಬಗೆ ನೋಟಿಫಿಕೇಶನ್‌ಟೈಪ್ ಎಂಬ ಹೆಸರಿನಲ್ಲಿ ಬರುತ್ತದೆ, ಕಾನ್ಫಿಗರೇಶನ್ ಸೆಟ್ ಮೂಲಕ ಬಂದರೆ ಈವೆಂಟ್‌ಟೈಪ್ ಎಂಬ ಹೆಸರಿನಲ್ಲಿ. ಹಳೆಯ ಕೋಡನ್ನು ಹೊಸ ದಾರಿಗೆ ಜೋಡಿಸಿದವರು ಇಲ್ಲಿಯೇ ಮುಗ್ಗರಿಸುತ್ತಾರೆ. ಒಂದೇ ಸೂಚನೆ ಎರಡು ಸಲ ಬರಬಹುದು, ಆದ್ದರಿಂದ ಎರಡನೆಯದು ಬಂದರೂ ಲೆಕ್ಕ ಕೆಡದಂತೆ ಬರೆ. ಬೌನ್ಸ್ ಆಯಿತೆಂಬ ಎಚ್ಚರಿಕೆಯನ್ನು ಅದೇ ಡೊಮೇನಿನಿಂದ ಇಮೇಲ್ ಮಾಡಿಸಬೇಡ. ಖಾತೆ ನಿಂತ ದಿನ ಆ ಎಚ್ಚರಿಕೆಯೂ ನಿಲ್ಲುತ್ತದೆ.

ಒಂದು ಮಾತು ಜಿಮೇಲ್ ಬಗ್ಗೆ. ನಿನ್ನ ಗ್ರಾಹಕರ ಪತ್ರಗಳಲ್ಲಿ ದೊಡ್ಡ ಪಾಲು ಅಲ್ಲಿಗೇ ಹೋಗುತ್ತದೆ, ಆದರೆ ಅಲ್ಲಿ ಸ್ಪ್ಯಾಮ್ ಗುಂಡಿ ಒತ್ತಿದವರ ದೂರುಗಳು ಎಸ್‌ಇಎಸ್‌ಗೆ ಬರುವುದಿಲ್ಲ. ಕಂಪ್ಲೇಂಟ್ ಸೊನ್ನೆ ಇದೆಯೆಂದು ಬೀಗಬೇಡ. 2024ರ ಫೆಬ್ರವರಿಯಿಂದ, ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರಗಳನ್ನು ಜಿಮೇಲ್‌ಗೆ ಕಳುಹಿಸುವವರು ಎಸ್‌ಪಿಎಫ್ (ಯಾವ ಸರ್ವರುಗಳು ಕಳುಹಿಸಬಹುದೆಂಬ ಪಟ್ಟಿ), ಡಿಕಿಮ್ ಎರಡನ್ನೂ ಇಟ್ಟು, ಡಿಮಾರ್ಕ್ (ಅವು ತಪ್ಪಿದ ಪತ್ರವನ್ನು ಏನು ಮಾಡಬೇಕೆಂಬ ಸೂಚನೆ) ರೆಕಾರ್ಡ್ ಹಾಕಿ, ಪ್ರಚಾರದ ಪತ್ರಗಳಿಗೆ ಒಂದೇ ಒತ್ತಿನಲ್ಲಿ ಪಟ್ಟಿಯಿಂದ ಹೊರಬರುವ ಅವಕಾಶ ಕೊಟ್ಟು, ಸ್ಪ್ಯಾಮ್ ದೂರುಗಳನ್ನು ನೂರಕ್ಕೆ 0.3ರ ಕೆಳಗೆ ಇಡಬೇಕೆಂಬ ನಿಯಮ ಬಂದಿದೆ. ಆ ಲೆಕ್ಕವನ್ನು ಗೂಗಲ್‌ನ ಪೋಸ್ಟ್‌ಮಾಸ್ಟರ್ ಟೂಲ್ಸ್‌ನಲ್ಲಿಯೇ ನೋಡಬೇಕು. ಹೆಸರು ನೋಡಿ ನಿನ್ನ ಅಜ್ಜ ಇದ್ದಿದ್ದರೆ ನಗುತ್ತಿದ್ದರು.

ಪರೀಕ್ಷೆಗೆ ನಿಜವಾದ ಯಾರ ವಿಳಾಸವನ್ನೂ ಬಳಸಬೇಡ. ಬೌನ್ಸ್ ಕೊಡುವ, ದೂರು ಕೊಡುವ, ಯಶಸ್ವಿಯಾಗುವ ಸುಳ್ಳು ವಿಳಾಸಗಳ ಮೇಲ್‌ಬಾಕ್ಸ್ ಸಿಮ್ಯುಲೇಟರನ್ನು ಸೇವೆಯವರೇ ಕೊಟ್ಟಿದ್ದಾರೆ. ಅವುಗಳಿಗೆ ಕಳುಹಿಸಿದ್ದು ನಿನ್ನ ಬೌನ್ಸ್ ಪ್ರಮಾಣಕ್ಕೆ ಸೇರುವುದಿಲ್ಲ, ದಿನಕ್ಕೆ 200 ಪತ್ರಗಳ ಮಿತಿಯಿರುವ, ಹೊಸ ಖಾತೆಗಳ ಸ್ಯಾಂಡ್‌ಬಾಕ್ಸಿನಲ್ಲಿಯೂ ನಡೆಯುತ್ತದೆ. ಪ್ರತಿ ಡೊಮೇನು ವೆರಿಫೈ ಆದ ಕೂಡಲೇ ಸಿಮ್ಯುಲೇಟರಿಗೆ ಒಂದು ಬೌನ್ಸ್, ಒಂದು ದೂರು ತಾನಾಗಿಯೇ ಹೋಗಿ, ಅವೆರಡರ ಸೂಚನೆಗಳೂ ಹಿಂದಿರುಗಿ ಬಂದ ಮೇಲೆ ಮಾತ್ರ ಆ ಡೊಮೇನನ್ನು ಗ್ರಾಹಕರಿಗೆ ಒಪ್ಪಿಸುವಂತೆ ಮಾಡು. ಇಮೇಲ್ ಮೂಲಕ ಬರುವ ಹಳೆಯ ಬೌನ್ಸ್ ದಾರಿಯನ್ನು ಆ ಎರಡು ಸೂಚನೆಗಳು ಬರುವ ತನಕ ಮುಚ್ಚಬೇಡ.

ಟೆಂಪ್ಲೇಟಿನಲ್ಲಿ ಗುರುತುಗಳ ಮೇಲೆ ಡಿಲೀಶನ್ ಪಾಲಿಸಿಯನ್ನು ರಿಟೇನ್ ಎಂದು ಬರೆ. ಯಾರೋ ಸ್ಟ್ಯಾಕ್ ಅಳಿಸಿದರೂ ನಡೆಯುವ ಡೊಮೇನು ಉಳಿದಿರುತ್ತದೆ. ಬರೆದದ್ದನ್ನು ಓಡಿಸುವ ಮೊದಲು ನನಗೆ ಒಂದು ಪ್ರತಿ ಕಳುಹಿಸು. ಈ ವಾರ ಮಳೆ ಬಿಟ್ಟರೆ ಮದ್ದು ಹೊಡೆಯಲು ಮರ ಹತ್ತುವ ಕೊನೆಗೌಡ ಬರುವವನಿದ್ದಾನೆ, ಬಿಡದಿದ್ದರೆ ನಾನು ಮನೆಯಲ್ಲಿಯೇ ಇರುತ್ತೇನೆ. ಹೇಗಾದರೂ ರಾತ್ರಿ ಓದಿ ಮಾರನೆಯ ದಿನವೇ ಉತ್ತರ ಬರೆಯುತ್ತೇನೆ.

ಇತಿ ನಿನ್ನ ಶ್ರೇಯಸ್ಸನ್ನು ಬಯಸುವ
ದೊಡ್ಡಪ್ಪ